ಹೂವಿನ ಬಿಲ್ಲೆ, ನಲವತ್ತಮೂರು

ರಿಜಿಸ್ಟರಿನಲ್ಲಿ ನಾನು ಬರೆದದ್ದು ಇಷ್ಟೇ:
ಹೂವಿನ ಬಿಲ್ಲೆ, ನಲವತ್ತಮೂರು. ಒಡೆದದ್ದು ಎರಡು.
ಬಂದದ್ದು ಸಕಲೇಶಪುರದಾಚೆ,
ದೊರೆ ಬಂಗಲೆಯ ಬಚ್ಚಲಿನಿಂದ.

ಕಿತ್ತವನು ಇಸುಬು ಮೇಸ್ತ್ರಿ.
ಅಗಲ ಉಳಿ, ಒದ್ದೆ ಗೋಣಿ, ಮೂರು ದಿನ.
ಗಾರೆ ಹಲ್ಲು ಬಿಡದೆ ಕಚ್ಚಿತ್ತಂತೆ;
ಮಗುವಿನ ಬಾಯಿಂದ ಗೋಲಿ ಬಿಡಿಸಿದ ಹಾಗೆ
ಒಂದೊಂದನ್ನೇ ಪುಸಲಾಯಿಸಿ ತಂದ.

ತೊಳೆದು ಒರಗಿಸಿದೆ,
ಹಾಸನದ ನಮ್ಮ ಹಳೇ ಸಾಮಾನಿನ ಶೆಡ್ಡಿನಲ್ಲಿ,
ಕಿಟಕಿ ಚೌಕಟ್ಟು, ತುಕ್ಕು ಸರಳುಗಳ ನಡುವೆ.
ಹಸಿರೆಂದರೆ ಪಾಚಿ ಹಸಿರು.
ಹೂವೆಂದರೆ ನೇರಳೆ ತಿಂದ ನಾಲಿಗೆ.
ದಂಟು ಮಾತ್ರ ನೆಟ್ಟಗೆ ನಿಲ್ಲದು:
ಬೀಸಿದ ಚಾಟಿ ಹಿಂದೆ ಸರಿಯುವ ಮುನ್ನ
ಗಾಳಿಯಲ್ಲಿ ಬಿಟ್ಟುಹೋದ ಗೆರೆ.

ಯಾವ ಹೂವು?
ಕೆಸುವಿನದು ಕಣಕ್ಕಾ, ಅಂದಳು ಕಸ ಗುಡಿಸುವ ನಿಂಗಾಜಿ.
ಬ್ಯಾಂಕಿನ ಸದಾನಂದಯ್ಯ ಕನ್ನಡಕ ಒರೆಸಿ,
ಬೇಲೂರಿನ ಬಳ್ಳಿಯಮ್ಮ, ಇಲ್ಲಿಂದಲೇ ಹೋದದ್ದು, ಅಂದರು.
ಎಲ್ಲ ಬಳ್ಳಿಯೂ ಇಲ್ಲಿಂದಲೇ ಹೋಗಬೇಕೇ?
ಅಲ್ಲೂ ಮಣ್ಣಿದೆ, ನೀರಿದೆ,
ಬಾಗುವ ಆಸೆಯಿದೆ.

ಬೆನ್ನಲ್ಲಿ ಉಬ್ಬಿದ ಅಕ್ಷರ.
ಬೆರಳಿಟ್ಟು ಕೂಡಿಸಿ ಓದಿದೆ: ಮೈ... ಸೆನ್.
ಮೈಸೂರು ಅನ್ನೋಕೆ ಹೋಗಿ ತಪ್ಪಿರಬೇಕು, ಅಂದ ಇಸುಬು.

ಕೊಳ್ಳಲು ಬಂದ ಆರ್ಕಿಟೆಕ್ಟ್ ಹುಡುಗಿ ತಿದ್ದಿದಳು:
ಜರ್ಮನಿಯದು. ಈ ಬಗೆಗೆ ಯೂಗೆಂಡ್‌ಶ್ಟೀಲ್ ಅಂತಾರೆ.
ಅಂದರೆ, ಯೌವನದ ಶೈಲಿ.
ಇಸುಬು ಬೀಡಿ ಕೆಳಗಿಟ್ಟು ನಕ್ಕ:
ನನ್ನಜ್ಜನ ವಯಸ್ಸಿನ ಬಿಲ್ಲೆಗೆ ಪ್ರಾಯದ ಹೆಸರು!
ನಕ್ಕವನು ಹಾಗೇ ಸುಮ್ಮನಾಗಿ
ಮೊಣಕಾಲು ಒತ್ತಿಕೊಂಡ.

ಆಮೇಲೆ ಹೇಳಿದ:
ಗೋಡೆಯಲ್ಲಿ ಒಂದು ತಲೆಕೆಳಗಿತ್ತು ಅಕ್ಕಾ,
ಹಂಡೆಯ ಹಿಂದೆ, ಮಸಿಯೊಳಗೆ.
ಎಲ್ಲ ಮೇಲೆ ನೋಡುತ್ತಿದ್ದರೆ ಅದೊಂದು ನೆಲ ನೋಡುತ್ತಿತ್ತು.
ಕೂರಿಸಿದವನಿಗೆ ಕತ್ತಲಾಗಿತ್ತೋ,
ಕೂಲಿ ಬಾಕಿಯಿತ್ತೋ,
ಇಲ್ಲಾ, ಬೇಕೆಂದೇ ಇಟ್ಟನೋ.

ಯಾವುದು? ಅಂದೆ.
ಮೂವರೂ ಕುಕ್ಕರುಗಾಲಲ್ಲಿ ಕೂತು
ತಿರುಗಿಸಿ ತಿರುಗಿಸಿ ನೋಡಿದೆವು ಊಟದ ಹೊತ್ತಿನ ತನಕ.
ಮಸಿಯನ್ನೆಲ್ಲ ನಾನೇ ತೊಳೆದಿದ್ದೆ, ಸೋಪಿನ ಪುಡಿ ಹಾಕಿ.
ಗೋಡೆ ಬಿಟ್ಟಿಳಿದ ಮೇಲೆ
ತಲೆ ಯಾವ ಕಡೆ, ಬುಡ ಯಾವ ಕಡೆ.

ಹುಡುಗಿ ನಲವತ್ತೊಂದು ಕೊಂಡಳು,
ಚೌಕಾಸಿಯಿಲ್ಲದೆ.
ಒಡೆದವು ಉಳಿದವು. ಒಂದು ಇಸುಬು ಒಯ್ದ,
ಯಾಕೆಂದು ಕೇಳಲಿಲ್ಲ.
ಇನ್ನೊಂದರ ಮೇಲೆ ಟೀ ಲೋಟ ಇಡುತ್ತೇನೆ.
ಎತ್ತಿದಾಗ ಕೆಳಗೆ ಅರ್ಧ ಹೂವು,
ಒಂದು ದಿನ ನನ್ನ ಕಡೆ,
ಒಂದು ದಿನ ಬಾಗಿಲ ಕಡೆ.