ಅರದ ಪುಡಿ

ಮಳೆ ಬಿಟ್ಟ ಅಕ್ಟೋಬರ್, ಐವತ್ತೇಳನೇ ಇಸವಿ.
ಶ್ವೇಬಿಶ್ ಗ್ಮುಂಡಿನ ನನ್ನ ಅಂಗಡಿ ಬಾಗಿಲ ಗಂಟೆ ಅಲುಗಿತು.
ಗಾಜಿನ ಮೇಲೆ ಕರವಸ್ತ್ರ ಬಿಚ್ಚಿದರು
ನಿವೃತ್ತ ಪೊಲೀಸ್ ಗೊಟ್‌ಹಿಲ್ಫ್ ಶ್ಲಾಟರ್‌ಬೆಕ್:
ನೀಲಿ ಪಟ್ಟಿ, ಚಿನ್ನದ ನೀರು ಕುಡಿದ ಶಿಲುಬೆ,
ನಡುವೆ ಹದ್ದು, ಹದ್ದಿನ ಉಗುರಲ್ಲಿ ಅದು.

"ಕಾನೂನು ಬಂದಿದೆ. ಇನ್ನು ಧರಿಸಬಹುದಂತೆ.
ಅದೊಂದು ಮಾತ್ರ ಇರಬಾರದು.
ಶನಿವಾರ ಕಿರಿಮಗಳ ಮದುವೆ."

ಇಪ್ಪತ್ತೈದು ವರ್ಷಕ್ಕೆ ಇದು.
ಹದಿನೆಂಟರ ಬೆಳ್ಳಿಯದು ಮನೆಯಲ್ಲಿದೆ,
ಹೆಂಡತಿಯ ಹೊಲಿಗೆ ಡಬ್ಬಿಯಲ್ಲಿ.
ಹತ್ತೊಂಬತ್ತರಲ್ಲಿ ಸೇರಿದ್ದರಂತೆ, ಅರಸ ಹೋದ ಮರುವರ್ಷ.
ದೀಪವಿಲ್ಲದ ಸೈಕಲ್ಲುಗಳಿಗೆ ದಂಡ ಹಾಕಿದ್ದು,
ರೆಮ್ಸ್ ಹೊಳೆಗೆ ಬಿದ್ದ ಹುಡುಗನನ್ನು ಕಾಲು ಹಿಡಿದೆಳೆದದ್ದು,
ಕುಡುಕರನ್ನು ಅವರವರ ಹೆಂಡಿರಿಗೆ ಒಪ್ಪಿಸಿದ್ದು,
ಎಲ್ಲಾ ಹೇಳಿದರು. ಟೋಪಿಯ ಬಿಲ್ಲೆ ಬದಲಾಗುತ್ತಲೇ ಇತ್ತು,
ಸೀಟಿ ಮಾತ್ರ ಒಂದೇ ಎಂದು ನಕ್ಕರು.
ನಲವತ್ತೊಂದರ ನವೆಂಬರಿಗೆ ಬಂದಾಗ
ನನ್ನ ಗೋಡೆ ಗಡಿಯಾರ ನೋಡಿದರು.

ನಾನೂ ಕೇಳಲಿಲ್ಲ.
ಗುಂಡಿ ಅಂಗಡಿಯ ಓಟಿಲಿಯೆ ಶ್ಟೆರ್ನೌ
ಒಂದೇ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದ ಬೆಳಿಗ್ಗೆ
ಹೆಸರು ಕೂಗಿ ಗೀಟು ಹಾಕಿದ ಪೆನ್ಸಿಲು ಯಾರದೆಂದು
ನನಗೆ ಗೊತ್ತು.
ಅದರ ಹಿಂದಿನ ವಾರ, ಹಿಂಬಾಗಿಲಲ್ಲಿ,
ಅವಳು ಅಡಗಿಸಿಟ್ಟಿದ್ದ ಬೆಳ್ಳಿ ಚಮಚಗಳನ್ನು
ತೂಕಕ್ಕಿಂತ ಕಡಿಮೆಗೆ ಕೊಂಡವನು ಯಾರೆಂದು
ಅವರಿಗೂ ಗೊತ್ತು.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತಾರೆ.
ನೆರೆಯವಳ ಚಮಚ ಬಿಟ್ಟೇನೆ.

ಅರ ತೆಗೆದೆ. ಹತ್ತು ನಿಮಿಷದ ಕೆಲಸ.
ಚಿನ್ನದ ನೀರು ಸವೆದು ಒಳಗಿನ ಬೂದು ಲೋಹ ಇಣುಕಿತು.
ಹದ್ದು ಈಗ ಏನನ್ನೂ ಹಿಡಿದಿಲ್ಲ,
ಆದರೂ ಉಗುರು ಮಡಚಿಯೇ ಇದೆ.
ತಿರುಗಿಸಿದೆ: ಪೊಲೀಸ್ ಪಡೆಯಲ್ಲಿ ನಿಷ್ಠೆಯ ಸೇವೆಗಾಗಿ.
"ಇದು?"
"ಹಿಂಬದಿಯ ಬಗ್ಗೆ ಕಾನೂನು ಏನೂ ಹೇಳಿಲ್ಲ."

ಎರಡು ಮಾರ್ಕ್ ಕೊಟ್ಟರು. ಕೈ ಕುಲುಕಿದೆವು.
ಮದುವೆಗೆ ಬನ್ನಿ ಎಂದರು, ಬರುತ್ತೇನೆ ಎಂದೆ.

ಸಂಜೆ ಮೇಜಿನ ಪುಡಿಯನ್ನು ಮೊಲದ ಕಾಲಿನಿಂದ ಗುಡಿಸಿ
ಎಂದಿನಂತೆ ಡ್ರಾಯರಿಗೆ ತಳ್ಳಿದೆ.
ಅಲ್ಲಿ ಎಲ್ಲವೂ ಇದೆ: ಉಂಗುರಗಳದು, ಜಪಮಾಲೆಗಳದು,
ಯಾರೋ ಸತ್ತಮೇಲೆ ಮಾರಿದ ಹಲ್ಲಿನ ಕವಚದ್ದು.
ಬೆರಳ ತುದಿಗೆ ಅಂಟಿದ್ದಷ್ಟನ್ನು
ಏಪ್ರನ್ನಿಗೆ ಒರೆಸಿ
ದೀಪ ಆರಿಸಿದೆ.