ಎಣ್ಣೆ ಬಂದಾಗ

ಚಳ್ಳಕೆರೆಯಲ್ಲಿ ನಿಂತ್ಕೊಂಡು
ಯಾವ ಎಣ್ಣೆ ಒಳ್ಳೇದು ಅಂತ ಹಂಗೆ ಜೋರಾಗಿ ಕೇಳಬ್ಯಾಡ, ಪಾಲಯ್ಯ.
ಅರ್ಧ ಊರು ಶೇಂಗಾದ ಧಾರಣೆ ಹೇಳುತ್ತೆ,
ಇನ್ನರ್ಧ, ಕತ್ತಲಾಗಲಿ ತಡಿ ಅನ್ನುತ್ತೆ.

ನೀನು ಕೇಳ್ತಿರೋದು
ಬೋರ್ ಹಿಗ್ಗಿಸಿದ ಈ ನೂರೈವತ್ತರ ಇಂಜಿನ್ನಿಗೆ.
ಭಾನುವಾರ, ದಾವಣಗೆರೆ, ಧೂಳಿನ ಟ್ರ್ಯಾಕು, ಹನ್ನೆರಡು ಸುತ್ತು.
ಎರಡನೇ ಗೇರಲ್ಲೇ ಕಿರುಚಿಸ್ತೀಯ, ಗೊತ್ತು ನನಗೆ.

ಮೂರು ಡಬ್ಬಿ ಇಟ್ಟಿದೀನಿ. ಕೂತ್ಕೋ.

ಇದು ಇಪ್ಪತ್ತು-ಐವತ್ತು. ಏಪ್ರಿಲ್ ಬಿಸಿಲಿಗೂ ಮೈ ಬಿಡಲ್ಲ.
ಆದ್ರೆ ಬೆಳಿಗ್ಗೆ ಮೊದಲ ಕಿಕ್ಕಿಗೆ ಕ್ಯಾಮ್ ತನಕ ಏರೋದು
ಮುನಿಸ್ಕೊಂಡ ಬೀಗರು ಊಟಕ್ಕೆ ಎದ್ದಂಗೆ.
ಅಷ್ಟರಲ್ಲಿ ಒಣ ಲೋಹ ಲೋಹನ ತಿಂದಿರುತ್ತೆ.

ಇದು ನಿಮ್ಮ ಮಾವ ಕೊಟ್ಟಿದ್ದು, ಕಾರಿಂದು. ಬಣ್ಣ ನೋಡು, ಜೇನು.
ಕಾರಲ್ಲಿ ಕ್ಲಚ್ಚು ಬೇರೆ ಮನೇಲಿರುತ್ತೆ,
ನಮ್ಮದು ಇದೇ ಎಣ್ಣೇಲಿ ಮುಳುಗಿ ಸಂಸಾರ ಮಾಡಬೇಕು.
ಹೋದ ಸಲ ಹೊಸದುರ್ಗದಲ್ಲಿ ಇಂಜಿನ್ನು ಕೂಗ್ತು,
ಹಿಂದಿನ ಚಕ್ರಕ್ಕೆ ಕೇಳಿಸಲೇ ಇಲ್ಲ. ಮರೆತ್ಯಾ?

ಮೂರನೇದು ಹತ್ತು-ನಲವತ್ತು. ಬೈಕಿಗಂತಲೇ ಮಾಡಿದ್ದು.
ಲೀಟರಿಗೆ ಸಾವಿರದ ಮುನ್ನೂರು.

ಹಿಂದೆಲ್ಲ ರೇಸಿಗೆ ಹರಳೆಣ್ಣೆ ಹಾಕ್ತಿದ್ರಂತೆ ಅಂದ್ರೆ
ನಮ್ಮವ್ವ ನಂಬಲಿಲ್ಲ:
ಮಗೀನ ನೆತ್ತಿಗೆ ಒತ್ತೋದನ್ನ
ಆ ಬೆಂಕಿಗೆ ಹುಯ್ತಾರೇನೋ?

ತಡಿ, ಡಬ್ಬಿ ಮುಟ್ಟಬ್ಯಾಡ.
ಹಳೇದನ್ನ ಮೊದಲು ಇಳಿಸೋಣ.
ಎಣ್ಣೆ ಬಂದಾಗ ಕಣ್ಣು ಮುಚ್ಚಿದರು ಅಂತ ಗಾದೆ,
ನಮ್ಮಪ್ಪ ಮಾತ್ರ ಮುಚ್ಚಿದವನಲ್ಲ.
ಮೂವತ್ತು ವರ್ಷ ಮಿಲ್ಲಿನ ಎಕ್ಸ್‌ಪೆಲ್ಲರ್ ಬಾಯಲ್ಲಿ ನಿಂತು
ಎರಡು ಬೆರಳ ನಡುವೆ ಒಂದು ಹನಿ ಹೊಸೆದು
'ಬೀಜ ಹಸಿ ಐತೆ' ಅನ್ನೋನು.
ಲ್ಯಾಬಿನ ಹುಡುಗ ಸಂಜೆಗೆ ಬಂದು ಅದನ್ನೇ ಕಾಗದದಲ್ಲಿ ಬರೆಯೋನು.

ಅವ್ವನ ಹಳೇ ಬಿಳಿ ಸೀರೆ ತುಂಡಲ್ಲಿ ಸೋಸಿದೀನಿ.
ಬಿಸಿಲಿಗೆ ಬಾ.
ಕರಿ ಇರೋದು ಕರಿನೇ, ಕ್ಲಚ್ಚಿನ ಪುಡಿ, ಅದಕ್ಕೆ ಹೆದರಬ್ಯಾಡ.
ಈ ಮಿಣುಕು ನೋಡು. ಇಲ್ಲಿ. ಇಲ್ಲೂ.
ಆಯಸ್ಕಾಂತ ತಂದ್ರೆ ಎದ್ದು ನಿಲ್ತಾವೆ,
ಸಣ್ಣ ಉಕ್ಕಿನ ಕೂದಲು.

ಕ್ರ್ಯಾಂಕಿನ ಬೇರಿಂಗು, ಪಾಲಯ್ಯ.

ಮೊನ್ನೆಯಿಂದ ಟಕಟಕ ನಿನಗೂ ಕೇಳಿತ್ತು.
ದಪ್ಪ ಎಣ್ಣೆ ಹುಯ್ದ್ರೆ ಸದ್ದು ಅಡಗುತ್ತೆ ಅಂತ ಯಾರೋ ಹೇಳಿದ್ರು,
ಅದಕ್ಕೇ ಅಲ್ವಾ
ಬಂದವನೇ ಇಪ್ಪತ್ತು-ಐವತ್ತರ ಮೇಲೆ ಕೈ ಇಟ್ಟಿದ್ದು?
ಅಡಗುತ್ತೆ, ಸುಳ್ಳಲ್ಲ.
ಏಳನೇ ಸುತ್ತಿನ ತನಕ ಅಡಗುತ್ತೆ.

ಏನೂ ಅನ್ನಬ್ಯಾಡ ಈಗ. ಕೈ ಒರೆಸ್ಕೋ.
ಆ ಸಾವಿರದ ಮುನ್ನೂರಕ್ಕೆ ಇನ್ನಷ್ಟು ಸೇರಿಸು,
ಇಂಜಿನ್ನು ಬಿಚ್ಚೋಣ.

ಭಾನುವಾರ ಬೆಳಿಗ್ಗೆ ಏಳರ ಬಸ್ಸು ಐತೆ.
ಬೇಲಿ ಆಚೆ ನಿಂತು
ಮಂಡಕ್ಕಿ ಮೆಲ್ಲುತ್ತಾ
ಬರೀ ಮೂಗಲ್ಲಿ ಹೇಳೋಣ,
ಯಾವನು ಯಾವುದನ್ನ ಸುಡ್ತಿದಾನೆ ಅಂತ.