ಮುಗಿಯದ ಪಂಚನಾಮೆ

ಮೂವತ್ತು ವರ್ಷ ಠಾಣೆಯಲ್ಲಿ ರೈಟರ್ ಆಗಿದ್ದವನ ಕೈ
ಸತ್ತ ಮನೆಯಲ್ಲೂ ಸುಮ್ಮನಿರುವುದಿಲ್ಲ.
ಬರೆಯತೊಡಗುತ್ತದೆ:
ಗಂಗಾವತಿ ತಾಲೂಕು, ಹಿರೇಬೆಣಕಲ್ ಗ್ರಾಮ,
ಹುಸೇನಪ್ಪ ದಫೇದಾರರು, ವಯಸ್ಸು ಎಪ್ಪತ್ತೊಂದು,
ಬೆಳಗಿನ ಜಾವ, ಗುಡ್ಡಕ್ಕೆ ಹೊರಟವರು ಹೊಸ್ತಿಲಲ್ಲೇ,
ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ.

ಪಂಚರ ಸಮಕ್ಷಮ ಕಂಡುಬಂದ ವಸ್ತುಗಳು.
ಗಾಳದ ಕೋಲು ಒಂದು, ಬಿದಿರಿನದು,
ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದ್ದು.
ಖಾಕಿ ಪ್ಯಾಂಟು ಬಿಚ್ಚಿ ಹೊಲಿಸಿದ ಹೆಗಲಚೀಲ;
ರಿಟೈರಾದ ಮರುದಿನವೇ ದರ್ಜಿ ಮೌಲಾಲಿಯ ಮುಂದೆ ಎಸೆದು
"ಇನ್ ಮ್ಯಾಲಾದ್ರೂ ಇದು ಏನಾರ ಹೊರ್ಲಿ" ಅಂದಿದ್ದರು.
ಚೀಲದೊಳಗೆ ಪುಠಾಣಿ, ಕೌಜುಗದ ಗರಿ ಒಂದು.
ಬೀಡಿ ಇಲ್ಲ.
ಡಾಕ್ಟರು ಬೇಡವೆಂದಾಗ ಬಿಟ್ಟವರಲ್ಲ,
ಆ ವಾಸನೆಗೆ ಕರಡಿ ದಾರಿ ಬದಲಿಸುತ್ತದೆಂದು ಬಿಟ್ಟವರು.
ಸೀಟಿ ಒಂದು, ಒಳಗಿನ ಕಾಳು ತೆಗೆದದ್ದು.
ಊದಿ ನೋಡಲಾಗಿ, ಬರೀ ಉಸಿರು.

ಇಲ್ಲಿಯವರೆಗೆ ಸರಿ. ಮುಂದಕ್ಕೆ ಪೆನ್ನು ತಡೆಯುತ್ತದೆ.

ಹೆಜ್ಜೆ ಓದುತ್ತಿದ್ದರು.
ಚಿಕ್ಕಜಂತಕಲ್ಲಿನ ಹೊಳೆದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು
"ಇದು ನೀರುನಾಯಿ, ಹಿಂದ ಮರಿ ಎರಡು.
ಇಂವ ಎಡಗಾಲು ಎಳೀತಾನ, ಹೆಗಲ ಮ್ಯಾಲ ಭಾರ ಐತಿ."
ಮರಿಗೂ ಕಳ್ಳನಿಗೂ ಒಂದೇ ಮೆಲುದನಿ.

ರೈಸ್ ಮಿಲ್ಲಿನ ಎರಡು ಚೀಲ ಭತ್ತ ಹೋದ ರಾತ್ರಿ
ಜಾಡು ಹಿಡಿದು ನಡೆದವು, ನಾನು ಮತ್ತು ಅವರು.
ಗುಡ್ಡದ ಬುಡದಲ್ಲೊಂದು ಗುಡಿಸಲು,
ಹೊರಗೆ ಒಲೆ, ಒಲೆಯ ಮುಂದೆ ಬಸುರಿ,
ಅವಳ ಸುತ್ತ ಮೂರು ಮಕ್ಕಳು, ಗಡಿಗೆಯನ್ನೇ ನೋಡುತ್ತ.
ಬಂಡೆಯ ಮರೆಯಲ್ಲಿ ಬಹಳ ಹೊತ್ತು ನಿಂತರು ದಫೇದಾರರು,
ಹಕ್ಕಿ ನೋಡುವಾಗ ನಿಲ್ಲುವ ಹಾಗೆ.
ಆಮೇಲೆ ಅಂದರು: "ಬರ್ಕೊ. ಕತ್ತಲಿತ್ತು.
ಬಂಡಿ ಮ್ಯಾಲ ಜಾಡು ತಪ್ಪಿತು."
ಬಂಡೆಯ ಮೇಲೆ ಓತಿಕ್ಯಾತ ಹೋದ ದಾರಿಯನ್ನೂ ಹೇಳಬಲ್ಲವರು!
ಅಂದು ಹುಣ್ಣಿಮೆ.
ಬರೆದದ್ದು ನಾನೇ.

ಇನ್ನೊಂದನ್ನು ಬರೆಯಲೇ ಇಲ್ಲ.
ಲಾಕಪ್ಪಿನಲ್ಲಿ ದೊಡ್ಡಬಸವ, ಹದಿನೇಳರ ಹುಡುಗ,
ಕಾಲುವೆಯ ಪಂಪ್‌ಸೆಟ್ ಕಳುವಿನ ಕೇಸು.
ಒಂದೇ ಏಟು, ಬಲಗೈಯದು.
ಅಂದೇ ಮುಚ್ಚಿತು ಅವನ ಎಡಗಿವಿ.
ಪಂಪು ಮೂರನೇ ದಿನ ಸಿಕ್ಕಿತು,
ಮಾಲೀಕನ ತಮ್ಮನ ಹೊಲದಲ್ಲೇ.

ಅಲ್ಲಿಂದಾಚೆ ಎಡಗೈಯಲ್ಲಿ ಗಾಳ ಎಸೆಯಲು ಕಲಿತರು.
ಯಾಕೆಂದು ನಾನು ಕೇಳಲಿಲ್ಲ.
ಆ ಕೈ ಪಳಗಲು ಎರಡು ಮಳೆಗಾಲ ಬೇಕಾದವು.
ಎಡಗೈಗೆ ಸಿಕ್ಕ ಮೊದಲ ಕೊರಮೀನನ್ನು
ಬಸವನ ಬಾಗಿಲಿಗೆ ಒಯ್ದರು.
ಅವನ ತಾಯಿ ಅವರೆದುರಿಗೇ ಅದನ್ನು ನಾಯಿಗೆ ಹಾಕಿದಳು.
ಮುಂದಿನ ಭಾನುವಾರ ಮತ್ತೆ ಹೋದರು.
ಅದರ ಮುಂದಿನದಕ್ಕೂ.
ಎಷ್ಟನೇ ವಾರ ಆ ಮೀನು ಒಲೆ ಕಂಡಿತೋ,
ಠಾಣೆಯ ಡೈರಿಯಲ್ಲಿಲ್ಲ.

ಮಣ್ಣು ಮಾಡಿದ ಮೂರನೇ ದಿನ
ಮೋರೇರ ಗುಡ್ಡ ಹತ್ತಿದೆವು, ಏಳೆಂಟು ಜನ.
ಕಲ್ಲುಚಪ್ಪಡಿಯ ಆ ಗೋರಿಮನೆಗಳಿಗೆ ಮೊದಲು
ನಗಾರಿಯ ಹಾಗೆ ಕೂತ ಗುಂಡುಬಂಡೆ.
ಬಂದಾಗಲೆಲ್ಲ ಅದಕ್ಕೆ ಮೂರು ಸಲ ಕಲ್ಲು ತಟ್ಟಿ
ಟೋಪಿ ತೆಗೆದು ಕಾಯುತ್ತಿದ್ದರು.
"ಮಂದಿ ಮಲಗ್ಯಾರಲೇ, ಬಾಗಲಾ ಬಡೀದ ಒಳಗ ಹೋಗಬಾರ್ದು.
ನಾವು ಪೊಲೀಸರು, ನಮಗದು ಗೊತ್ತಿಲ್ಲ."

ಈಗ ಯಾರು ತಟ್ಟಬೇಕು?
ಮುಖ ಮುಖ ನೋಡಿಕೊಂಡೆವು.
ಹಿಂದಿನಿಂದ ದೊಡ್ಡಬಸವ ಬಂದ, ಐವತ್ತು ದಾಟಿದೆ ಅವನಿಗೂ.
ಕಲ್ಲೆತ್ತಿ ಹೊಡೆದ,
ಮೂರು ಸಲ ಅಲ್ಲ, ಒಂದೇ ಸಲ, ಜೋರಾಗಿ.
ಗುಡ್ಡ ಗುಡ್ಡಕ್ಕೆ ಹೇಳಿಕೊಂಡಿತು.
ಅವನು ಬಾಗಿ ಬಂಡೆಗೆ ಕಿವಿಯಿಟ್ಟ.
ಎಡಗಿವಿ. ನಾನು ನೋಡಿದೆ.

ಏನು ಕೇಳಿಸಿತೆಂದು ಕೇಳಿ
ಹೇಳಿಕೆ ಪಡೆಯುವುದು ನನ್ನ ಕೆಲಸವಾಗಿತ್ತು.
ಹಾಳೆ ಜೇಬಿನಲ್ಲೇ ಉಳಿಯಿತು.
ಕೆಳಗೆ ಗದ್ದೆಗಳಿಗೆ ನೀರು ಬಿಟ್ಟಿದ್ದರು.
ಕೊಕ್ಕರೆಗಳು ಇಳಿಯುತ್ತಿದ್ದವು,
ಹೆಸರು ಹೇಳುವವರಿಲ್ಲದೆ ಎಲ್ಲವೂ ಬರೀ ಬಿಳಿ.

ಬಸವ ಅಂಗೈ ಧೂಳು ಒರೆಸಿಕೊಂಡ.
"ಬಿಸಲೇರತೈತಿ," ಅಂದ, "ಇಳೀರಿ."